ಹಿರಿಯರ ಮರೆವು ಮತ್ತು ಮನೆಯ ಟಿಪ್ಪಣಿ ಪುಸ್ತಕ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದಾಗ, ಇಟ್ಟ ವಸ್ತುವನ್ನು ಮರೆತು ಮನೆಯವರಿಂದೆಲ್ಲ ಹುಡುಕಿಸಿದಾಗ ಈ ಮಾತನ್ನು ಆಡಿ ಸುಮ್ಮನಾಗುವುದು ವಾಡಿಕೆ. ಆದರೆ ಗಾದೆಯು ಅರ್ಧದಷ್ಟು ಮಾತ್ರ ನಿಜ. ವಯಸ್ಸಾದಂತೆ ನೆನಪು ತುಸು ನಿಧಾನವಾಗುವುದು ಸಹಜ. ಸಂತೆಯಲ್ಲಿ ಕಂಡ ಪರಿಚಿತರ ಹೆಸರು ಆಗ ಹೊಳೆಯದೆ ಬಸ್ಸು ಹತ್ತಿದ ಮೇಲೆ ಹೊಳೆಯುವುದುಂಟು; ಅದು ಕಾಯಿಲೆಯಲ್ಲ. ಬೆಳಿಗ್ಗೆ ನಡೆದ ಸಂಗತಿಯು ಮಧ್ಯಾಹ್ನದ ವೇಳೆಗೆ ಪೂರ್ತಿಯಾಗಿ ಅಳಿಸಿಹೋಗಿ, ನೆನಪಿಸಿದರೂ ಮರಳದಿರುವುದು, ನಲವತ್ತು ವರ್ಷ ಮಾಡಿದ ಅಡುಗೆಯ ಕ್ರಮವೇ ತಪ್ಪುವುದು, ಹುಟ್ಟಿ ಬೆಳೆದ ಊರಿನಲ್ಲೇ ಹೊಲದ ದಾರಿ ತಿಳಿಯದಾಗುವುದು, ಇವು ಕೇವಲ ವಯಸ್ಸಿನ ಲಕ್ಷಣಗಳಲ್ಲ. ಮಿದುಳಿನ ಕಾಯಿಲೆಯೊಂದರ ಆರಂಭದ ಚಿಹ್ನೆಗಳಾಗಿರಬಹುದು. ವೈದ್ಯರು ಇದನ್ನು ಡಿಮೆನ್ಷಿಯ ಎನ್ನುತ್ತಾರೆ. ನಾವು ಮರೆವಿನ ಕಾಯಿಲೆ ಎನ್ನೋಣ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಮಟ್ಟದ ಅಧ್ಯಯನದ ಅಂದಾಜಿನಂತೆ, 60 ವರ್ಷ ಹಾಗೂ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಉಳಿದ 93 ಮಂದಿ ಅರವತ್ತು ದಾಟಿಯೂ ಈ ಕಾಯಿಲೆಯಿಲ್ಲದೆ ಇದ್ದಾರೆ ಎಂಬುದನ್ನೂ ಗಮನಿಸಬೇಕು.

ನೆನಪನ್ನು ಕಾಳು ತುಂಬುವ ಹಗೇವಿಗೆ ಹೋಲಿಸಬಹುದು. ಮೊದಲು ಸುರಿದ ಕಾಳು ತಳದಲ್ಲಿ ಭದ್ರವಾಗಿರುತ್ತದೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಹೊಸ ಕಾಳನ್ನು ಒಳಗಿಳಿಸುವ ಬಾಯಿ. ಆದುದರಿಂದಲೇ ತಮ್ಮ ಮದುವೆಯ ದಿಬ್ಬಣದಲ್ಲಿ ಎಷ್ಟು ಗಾಡಿಗಳಿದ್ದವು ಎಂಬುದನ್ನು ತಪ್ಪದೆ ಹೇಳುವ ತಾಯಿಯು, ಈಗಷ್ಟೇ ಉಂಡುದನ್ನು ಮರೆಯುತ್ತಾರೆ. ಅಷ್ಟೆಲ್ಲ ನೆನಪಿರುವವರು ಇದನ್ನು ಮಾತ್ರ ಮರೆಯುವುದು ನಟನೆ ಎಂದು ಮನೆಯವರು ಭಾವಿಸುವುದೂ ಇದರಿಂದಲೇ.

ಗಂಡಹೆಂಡಿರ ನೆಮ್ಮದಿ ಕೆಡುವುದು ಇಲ್ಲಿಯೇ. ಉಂಡು ಅರ್ಧ ಗಂಟೆಯಾಗಿರುವುದಿಲ್ಲ. ಅತ್ತೆಯವರು ಜಗಲಿಯ ಮೇಲೆ ಕುಳಿತು ದಾರಿಹೋಕರೊಡನೆ, ಬೆಳಗಿನಿಂದ ಸೊಸೆ ಒಂದು ತುತ್ತು ಹಾಕಿಲ್ಲ ಎನ್ನುತ್ತಾರೆ. ವೃದ್ಧಾಪ್ಯ ವೇತನದ ಹಣವನ್ನು ತಾವೇ ಎಲ್ಲಿಯೋ ಬಚ್ಚಿಟ್ಟು, ಅದು ಕಾಣದಾದಾಗ ಸೊಸೆಯ ಮೇಲೆ ಕಳ್ಳತನವನ್ನು ಹೊರಿಸುತ್ತಾರೆ. ಸಂಜೆ ಹೊಲದಿಂದ ಮರಳಿದ ಮಗನೊಡನೆ ಮಾತ್ರ ಮಳೆಬೆಳೆಯ ಮಾತನ್ನು ಸರಿಯಾಗಿಯೇ ಆಡುತ್ತಾರೆ. ಕಾಯಿಲೆಯ ಆರಂಭದಲ್ಲಿ ಹೀಗೆ ಸ್ವಲ್ಪ ಹೊತ್ತು ಮನಸ್ಸನ್ನು ಬಿಗಿಹಿಡಿದು ಮಾತನಾಡುವ ಶಕ್ತಿ ಇರುತ್ತದೆ. 'ನನ್ನ ಹತ್ತಿರ ಚೆನ್ನಾಗಿಯೇ ಇದ್ದಾರಲ್ಲ, ನಿನಗೇ ಅವರನ್ನು ಕಂಡರಾಗದು' ಎಂದು ಗಂಡನು ಹೆಂಡತಿಯನ್ನು ಗದರುತ್ತಾನೆ. ಹೀಗೆ ಮನಸ್ಸು ಮುರಿದು ತವರಿಗೆ ನಡೆದ ಸೊಸೆಯಂದಿರೂ ಉಂಟು. ಊಟ ಹಾಕಿಲ್ಲ ಎನ್ನುವ ಅತ್ತೆ ಸುಳ್ಳು ಹೇಳುತ್ತಿಲ್ಲ. ಹಾಕಿದ್ದೇನೆ ಎನ್ನುವ ಸೊಸೆಯೂ ಸುಳ್ಳು ಹೇಳುತ್ತಿಲ್ಲ. ಇದು ಗಂಡನಿಗೆ ಮನವರಿಕೆಯಾಗುವವರೆಗೆ ಮನೆಯಲ್ಲಿ ಶಾಂತಿ ಇರದು.

ಇದಕ್ಕೆ ಒಂದು ಸುಲಭವಾದ ಉಪಾಯವಿದೆ. ಶಾಲೆಯ ಮಕ್ಕಳು ಬಳಸುವಂಥ ನೋಟುಪುಸ್ತಕವೊಂದನ್ನು ತಂದು, ಪ್ರತಿ ರಾತ್ರಿ ಮೂರು ನಾಲ್ಕು ಸಾಲು ಬರೆದಿಡಬೇಕು. ದಿನ, ಹೊತ್ತು, ನಡೆದುದೇನು, ನಾವು ಮಾಡಿದುದೇನು, ಕೊನೆಗೆ ಏನಾಯಿತು, ಇಷ್ಟು ಸಾಕು. ಒಂದು ದಿನ ಹೆಂಡತಿ ಬರೆದರೆ ಮರುದಿನ ಗಂಡನು ಬರೆಯಬೇಕು. ಇಬ್ಬರಿಗೂ ಅಕ್ಷರಾಭ್ಯಾಸವಿಲ್ಲದಿದ್ದರೆ ಹೈಸ್ಕೂಲಿನಲ್ಲಿ ಓದುವ ಮಗಳೋ ಮಗನೋ ಬರೆದುಕೊಳ್ಳಬಹುದು. ಮಾದರಿಗೆ ಕೆಲವು ಸಾಲುಗಳನ್ನು ಇಲ್ಲಿ ಕೊಟ್ಟಿದೆ.

ಸೋಮವಾರ, ಬೆಳಿಗ್ಗೆ 7 ಗಂಟೆ. ಅವ್ವ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದರು. ಅಪ್ಪ ಒಂದು ಗುಟುಕು ಕುಡಿದು, 'ಸ್ವಲ್ಪ ಖಾರ ಬಿದ್ದಿದ್ದರೆ ಸಾರೇ ಆಗುತ್ತಿತ್ತು' ಎಂದರು. ಮೊದಲು ನಕ್ಕವರು ಅವ್ವನೇ. ಈ ತಿಂಗಳಲ್ಲಿ ಇದು ಎರಡನೆಯ ಸಲ.

ಗುರುವಾರ, ಸಂಜೆ. ಎಮ್ಮೆಯನ್ನು ಮಾರಿ ಮೂರು ವರ್ಷವಾಗಿದೆ. ಅವ್ವ ಬೂಸಾ ಕಲಸಿಟ್ಟು ಕೊಟ್ಟಿಗೆಯ ಬಾಗಿಲಲ್ಲಿ ಕಾಯುತ್ತಿದ್ದರು. 'ಎಮ್ಮೆ ಎಲ್ಲಿ?' ಎಂದರು. 'ಬೀಗರ ಮನೆಗೆ ಹೋಗಿದೆ ಅವ್ವ' ಎಂದೆ. 'ಹೋಗುವಾಗ ಹಾಲು ಕೊಟ್ಟು ಹೋಗಬಾರದಿತ್ತೆ?' ಎಂದರು. ಬೂಸಾ ಪಕ್ಕದ ಮನೆಯ ಹಸುವಿಗಾಯಿತು.

ಶನಿವಾರ, ರಾತ್ರಿ. ಹಣ ಹೋಯಿತೆಂದು ಗಲಾಟೆ. ನಿನ್ನ ಹೆಂಡತಿಯೇ ತೆಗೆದಳು ಎಂದರು. ಒಂದು ಗಂಟೆ ಹುಡುಕಿದೆವು. ರಾಗಿಯ ಡಬ್ಬದಲ್ಲಿ ಸಿಕ್ಕಿತು. ಇವಳು ಅತ್ತಳು. ನನಗೂ ನಗು ಬರಲಿಲ್ಲ.

ಈ ಕೊನೆಯ ಬರಹ ಗಂಡನ ಕೈಯದು ಎಂಬುದನ್ನು ಓದುಗರು ಗಮನಿಸಿರಬಹುದು. ಹತ್ತು ದಿನ ವಾದಿಸಿದರೂ ತಿಳಿಯದ ಸಂಗತಿಯು ಒಮ್ಮೆ ತಾನೇ ಕುಳಿತು ಬರೆದಾಗ ತಿಳಿಯುತ್ತದೆ. ಹಣ ಕಳೆದಾಗ 'ನಾನು ತೆಗೆದಿಲ್ಲ' ಎಂದು ವಾದಕ್ಕಿಳಿಯದೆ 'ಬನ್ನಿ ಅವ್ವ, ಸೇರಿ ಹುಡುಕೋಣ' ಎನ್ನಬೇಕು. ಸಿಕ್ಕಾಗ ಅದು ಅವರ ಕೈಗೇ ಸಿಗುವಂತೆ ಮಾಡಬೇಕು. ಉಂಡಿಲ್ಲ ಎಂದಾಗ 'ಈಗ ತಾನೆ ಉಂಡಿರಲ್ಲ' ಎಂದು ಸಾಧಿಸುವುದರಿಂದ ಪ್ರಯೋಜನವಿಲ್ಲ. ಊಟದಲ್ಲಿ ಅರ್ಧ ರೊಟ್ಟಿಯನ್ನು ಉಳಿಸಿಟ್ಟು ಆಗ ಕೊಟ್ಟರೆ ಸಕ್ಕರೆ ಕಾಯಿಲೆಯಿರುವವರಿಗೂ ಊಟದ ಅಳತೆ ಮೀರದು, ಜಗಲಿಯ ದೂರೂ ನಿಲ್ಲುವುದು.

ಈ ಕಾಯಿಲೆಯ ಬಹುಪಾಲಿಗೆ ಕಾರಣವಾದ ಆಲ್ಝೈಮರ್ ರೋಗವು ಬೆಳಕಿಗೆ ಬಂದುದೂ ಇಂಥದೇ ಟಿಪ್ಪಣಿಯಿಂದ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 1901ರಲ್ಲಿ ಆಗುಸ್ಟೆ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಆಕೆಗೂ ಮರೆವು, ಗಂಡನ ಮೇಲೆ ಇಲ್ಲದ ಶಂಕೆ. ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯೊಡನೆ ಕುಳಿತು ಪ್ರಶ್ನೆಯನ್ನೂ ಉತ್ತರವನ್ನೂ ತಮ್ಮ ಕೈಯಿಂದಲೇ ಬರೆದುಕೊಂಡರು. ಹೂಕೋಸನ್ನೂ ಮಾಂಸವನ್ನೂ ತಿನ್ನುತ್ತಿದ್ದ ಆಕೆ, ತಿನ್ನುತ್ತಿರುವುದೇನೆಂದು ಕೇಳಿದಾಗ ಸೊಪ್ಪಿನ ಹೆಸರು ಹೇಳಿದುದನ್ನು ಕೂಡ ಅವರು ಬಿಡದೆ ಬರೆದಿಟ್ಟರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ ರೋಗವನ್ನು ವಿವರಿಸಿದರು. ಕಾಣದಾಗಿದ್ದ ಆ ಹಾಳೆಗಳು 1995ರಲ್ಲಿ ಮತ್ತೆ ದೊರೆತವು.

ಹಿರಿಯರ ಕಾಯಿಲೆಯನ್ನು ಕುರಿತು ನಗಬಹುದೆ ಎಂದು ಕೆಲವರು ಕೇಳಬಹುದು. ಅವರೊಡನೆ ನಗಬಹುದು, ಅವರನ್ನು ನೋಡಿ ನಗಬಾರದು. ಕಾಫಿಯ ಉಪ್ಪಿಗೆ ಅವ್ವನೇ ನಕ್ಕರೆ ಮನೆಯೆಲ್ಲ ನಗಲಿ. ಅವರ ಮುಖ ಬಾಡಿದರೆ ಅಲ್ಲಿಗೆ ನಿಲ್ಲಿಸಬೇಕು. ವರಕವಿ ಬೇಂದ್ರೆಯವರು ಅರವತ್ತು ದಾಟಿದ ಮೇಲೆ ತಮ್ಮ ಕವನಗಳ ಸಂಪುಟಕ್ಕೆ ತಾವೇ 'ಅರಳು ಮರಳು' ಎಂದು ಹೆಸರಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ಹಕ್ಕು ಹಿರಿಯರದು. ಅವರ ತಪ್ಪುಗಳನ್ನು ಮೊಬೈಲಿನಲ್ಲಿ ಚಿತ್ರಿಸಿ ಬಂಧುಗಳಿಗೆಲ್ಲ ಕಳುಹಿಸುವುದು ಮಾತ್ರ ಹಾಸ್ಯವಲ್ಲ. ಪುಸ್ತಕದಲ್ಲಿ ಏನು ಬರೆಯುತ್ತಿದ್ದೀರಿ ಎಂದು ಅವರು ಕೇಳಿದರೆ ಓದಿ ಹೇಳುವಂತಿರಬೇಕು. ಸೀರೆ ಪಂಚೆ ನೆನೆದಂಥ ಸಂಗತಿಗಳನ್ನು ಅದರಲ್ಲಿ ಬರೆಯದೆ ವೈದ್ಯರಿಗೆ ಬಾಯಲ್ಲೇ ತಿಳಿಸಿದರಾಯಿತು.

ಒಂದೆರಡು ತಿಂಗಳ ಬರಹವಾದ ಮೇಲೆ, ಹಿರಿಯರನ್ನೂ ಪುಸ್ತಕವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ವೈದ್ಯರ ಮುಂದಿನ ಹತ್ತು ನಿಮಿಷದಲ್ಲಿ ಹಿರಿಯರು ಚೆನ್ನಾಗಿಯೇ ಉತ್ತರಿಸಬಹುದು; ನಿಜಸ್ಥಿತಿಯನ್ನು ಪುಸ್ತಕ ಹೇಳುತ್ತದೆ. ಮರೆವೆಲ್ಲವೂ ವಾಸಿಯಾಗದ ಕಾಯಿಲೆಯಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ವಾರಗಳ ಹಿಂದೆ ಬಿದ್ದು ತಲೆಗಾದ ಪೆಟ್ಟು, ನಿದ್ರೆಯ ಮಾತ್ರೆ, ಇವುಗಳಿಂದ ಬಂದ ಮರೆವನ್ನು ಚಿಕಿತ್ಸೆಯಿಂದ ಬಹುಮಟ್ಟಿಗೆ ಸರಿಪಡಿಸಬಹುದು. ರಕ್ತ ಪರೀಕ್ಷೆಯನ್ನು ಮಾಡಿಸದೆ 'ವಯಸ್ಸಾಯಿತು' ಎಂದು ಕೈಬಿಡುವುದು ಸಲ್ಲದು. ಒಂದೆರಡು ದಿನಗಳಲ್ಲೇ ದಿಢೀರನೆ ಗೊಂದಲ ಉಂಟಾದರೆ ಪುಸ್ತಕ ತುಂಬುವವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಂಕು, ಜ್ವರ, ಸಕ್ಕರೆಯ ಅಂಶ ಇಳಿದಿರುವುದು ಕಾರಣವಿರಬಹುದು. ಆಲ್ಝೈಮರ್ ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಕೆಲವರಿಗೆ ಕೆಲವು ಕಾಲ ನೆರವಾಗುವ ಮಾತ್ರೆಗಳಿವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡುವುದೂ, ಕಿವಿ ಕಣ್ಣುಗಳನ್ನು ತೋರಿಸುವುದೂ ಅಷ್ಟೇ ಮುಖ್ಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಆರೈಕೆ ಮಾಡಿ ಬಳಲಿದ ಸೊಸೆಯೂ ತನಗಾಗಿಯೇ ಈ ಕರೆ ಮಾಡಬಹುದು.

ಪಹಣಿ, ಬ್ಯಾಂಕು, ಉಯಿಲುಗಳ ಕೆಲಸವಿದ್ದರೆ ಹಿರಿಯರಿಗೆ ತಿಳಿವಳಿಕೆ ಇರುವಾಗಲೇ, ಅವರ ಇಚ್ಛೆಯನ್ನು ಕೇಳಿ ಮಾಡಿಸಬೇಕು. ಕಾಗದದಲ್ಲೇನಿದೆ ಎಂದು ಅರಿಯದವರ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವುದು ಅನ್ಯಾಯ. ಮುಂದೆ ಅದು ವ್ಯಾಜ್ಯಕ್ಕೂ ದಾರಿ.

ಪುಸ್ತಕವನ್ನು ತಿರುಗಿಸಿ ಹಿಂಬದಿಯ ಪುಟಗಳಿಂದ ಇನ್ನೊಂದು ಬರಹವನ್ನು ಆರಂಭಿಸಬಹುದು. ಅಲ್ಲಿ ಬರೆಯಬೇಕಾದುದು ಅವ್ವ ಮರೆಯದ ಸಂಗತಿಗಳನ್ನು. ಬೀಸುವಾಗ ಹಾಡುತ್ತಿದ್ದ ಪದಗಳು, ಬಾಣಂತಿಗೆ ಮಾಡುತ್ತಿದ್ದ ಖಾರದ ಪುಡಿಯ ಅಳತೆ, ಬಾವಿ ತೋಡಿಸಿದಾಗ ಎಷ್ಟು ಮಟ್ಟಿಗೆ ನೀರು ಸಿಕ್ಕಿತು, ಹಳೆಯ ಮದುವೆಯ ಪಟದಲ್ಲಿ ನಿಂತವರು ಯಾರು ಯಾರು. ಆಗಾಗ ಅದನ್ನು ಅವರಿಗೇ ಓದಿ ಹೇಳಿದರೆ ತಪ್ಪನ್ನು ತಿದ್ದುತ್ತಾರೆ. ದಿನವಿಡೀ ತಾವೇ ತಿದ್ದಿಸಿಕೊಳ್ಳುವ ಜೀವಕ್ಕೆ ಅದೊಂದು ಸಮಾಧಾನ. ಪಟದವರ ಹೆಸರು ಬರೆಯುವಾಗ ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಊರಿನ ಹೆಸರನ್ನು ಮಾತ್ರ ಬಿಡದೆ ಬರೆಯಿರಿ. ಒಂದೇ ಹೆಸರಿನವರು ಪ್ರತಿ ಮನೆತನದಲ್ಲೂ ನಾಲ್ಕಾರು ಮಂದಿ ಇರುತ್ತಾರೆ.