ದೂರದ ಮಿನಾರು ಯಾಕೆ ಮಸುಕು?

ನಮ್ಮ ಚಾಚಾ ತಮ್ಮ ಹಳೆಯ ಸ್ಟುಡಿಯೋದ 4×5 ಇಂಚು ಫಿಲ್ಮ್ ಕ್ಯಾಮೆರಾಕ್ಕೆ 90 ಮಿ.ಮೀ. ಲೆನ್ಸ್ ಹಾಕಿದರು. ಹತ್ತಿರ ಕುಳಿತವರು ಸ್ಪಷ್ಟವಾಗಿ ಕಂಡರು. ಆದರೆ ಟೆರೇಸಿನಿಂದ ನೋಡಿದರೆ ದೂರದ ಮಸೀದಿಯ ಮಿನಾರು ಮಸುಕು. "ಲೆನ್ಸ್ ಹಾಳಾಗಿದೆ, ಮಾರಿಬಿಡೋಣ" ಎಂದರು. ನಾನು ಲೆಕ್ಕ ಹಾಕಿದೆ.

ತುಂಬಾ ದೂರದ ವಸ್ತುವಿನ ಬಿಂಬ ಲೆನ್ಸಿನ ಹಿಂದೆ ಅದರ ಫೋಕಲ್ ಲೆಂತ್‌ನಷ್ಟು ದೂರದಲ್ಲಿ ಮೂಡುತ್ತದೆ. ಇದೇ ಇನ್ಫಿನಿಟಿ ಫೋಕಸ್. ವಸ್ತು ಹತ್ತಿರವಾದಂತೆ ಬಿಂಬ ಹಿಂದೆ ಸರಿಯುತ್ತದೆ, ಲೆನ್ಸನ್ನು ಮುಂದಕ್ಕೆ ತರಬೇಕಾಗುತ್ತದೆ. ದೂರದ್ದಕ್ಕೆ ಲೆನ್ಸ್ ಗಾಜಿನ ಹತ್ತಿರ ಹೋಗಬೇಕು. ನಮ್ಮ ಕ್ಯಾಮೆರಾದ ಬೆಲ್ಲೋಸ್ ದಪ್ಪ, ಅದು ಅಷ್ಟು ಮಡಚುವುದೇ ಇಲ್ಲ!

ಕೊರತೆ ಎಷ್ಟು? ಬೆಲ್ಲೋಸ್ ಪೂರ್ತಿ ಮಡಚಿ, ಯಾವ ದೂರದ ವಸ್ತು ಸ್ಪಷ್ಟವೆಂದು ನೋಡಿ. ನಮಗೆ 2 ಮೀಟರ್ ಬಂತು. 90×90 ಅನ್ನು 2000−90ರಿಂದ ಭಾಗಿಸಿದರೆ ಸುಮಾರು 4. ಅಂದರೆ ಲೆನ್ಸ್ ಇನ್ನೂ 4 ಮಿ.ಮೀ. ಹಿಂದೆ ಹೋಗಬೇಕು. ಅದಕ್ಕೆ ಲೆನ್ಸನ್ನು ಒಳಕ್ಕೆ ಕೂರಿಸುವ, ನಡುವೆ ತಗ್ಗಿರುವ ಲೆನ್ಸ್ ಬೋರ್ಡ್ ಸಾಕು.

ಗಾಜಿನಲ್ಲಿ ಸ್ಪಷ್ಟವಾಗಿದ್ದು ಫಿಲ್ಮ್‌ನಲ್ಲಿ ಮಾತ್ರ ಮಸುಕಾದರೆ ಕಾರಣ ಬೇರೆ. ಗಾಜಿನ ಒರಟು ಮೈ ಲೆನ್ಸಿನ ಕಡೆಗೇ ಇದೆಯೇ, ಫಿಲ್ಮ್ ಹೋಲ್ಡರ್ ಸರಿಯಾಗಿ ಕೂತಿದೆಯೇ ನೋಡಿ. ಎಲ್ಲಾ ದೂರದಲ್ಲೂ ಚಿತ್ರ ಮೆತ್ತಗಿದ್ದರೆ, ಲೆನ್ಸಿನ ಮುಂದಿನ, ಹಿಂದಿನ ಭಾಗಗಳನ್ನು ಶಟರ್‌ಗೆ ಪೂರ್ತಿ ತಿರುಗಿಸಿದ್ದೀರಾ ಎಂದು ನೋಡಿ.

ತಗ್ಗಿನ ಬೋರ್ಡ್ ಹಾಕಿದ ಮೇಲೆ ಗಾಜಿನಲ್ಲಿ ಮಿನಾರು ತಲೆಕೆಳಗಾಗಿ, ಆದರೆ ಚೊಕ್ಕವಾಗಿ ನಿಂತಿತ್ತು. ಚಾಚಾ ಲೆನ್ಸ್ ಮಾರಲಿಲ್ಲ.