ಲಾರಿಯ ಹೊಗೆದಾರಿ ಕಟ್ಟಿಕೊಂಡರೆ ಏನು ಮಾಡಬೇಕು?

ಸರಕು ಹೇರಿದ ಲಾರಿ ಸಮತಟ್ಟಾದ ರಸ್ತೆಯಲ್ಲಿ ಸರಾಗವಾಗಿ ಸಾಗುತ್ತದೆ. ಏರು ಬಂದೊಡನೆ ಏದುಸಿರು ಬಿಡುತ್ತದೆ. ಎಷ್ಟು ಒತ್ತಿದರೂ ವೇಗ ಏರದು, ಡೀಸೆಲ್ ಮಾತ್ರ ಹೆಚ್ಚು ಕುಡಿಯುತ್ತದೆ. ಕೋಲಾರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ಟೊಮ್ಯಾಟೊ ದಾರಿಯಲ್ಲೇ ನಿಂತರೆ ಆಗುವ ನಷ್ಟವನ್ನು ನಿಮಗೆ ವಿವರಿಸಬೇಕಾಗಿಲ್ಲ. ಬೆಳೆ ವಿಜ್ಞಾನಿಗೆ ಲಾರಿಯ ಗೊಡವೆ ಏಕೆಂದು ನೀವು ಕೇಳಬಹುದು. ಈ ರೋಗಕ್ಕೂ ನಮ್ಮ ಯೂರಿಯಾ ಚೀಲಕ್ಕೂ ನಂಟುಂಟು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಲಾರಿಗಳು ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟಿವೆ. ಇವುಗಳ ಹೊಗೆದಾರಿಯಲ್ಲಿ ಜೇನುಗೂಡಿನಂತೆ ಸಣ್ಣ ಕಂಡಿಗಳುಳ್ಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಗೂ ಮಸಿಯನ್ನು ತಡೆಹಿಡಿಯುವ ಫಿಲ್ಟರ್ ಇರುತ್ತವೆ. ದೊಡ್ಡ ಲಾರಿಗಳಲ್ಲಿ ಬಿಸಿ ಹೊಗೆಗೆ ಯೂರಿಯಾ ದ್ರಾವಣವನ್ನೂ ಸಿಂಪಡಿಸಲಾಗುತ್ತದೆ. ಅದರಿಂದ ಹುಟ್ಟುವ ಅಮೋನಿಯಾ ಹೊಗೆಯಲ್ಲಿನ ವಿಷಾನಿಲವನ್ನು ಸಾರಜನಕ ಮತ್ತು ನೀರಾವಿಯನ್ನಾಗಿ ಮಾರ್ಪಡಿಸುತ್ತದೆ.

“ಹಾಗಾದರೆ ಚೀಲದ ಯೂರಿಯಾವನ್ನೇ ಕರಗಿಸಿ ಹಾಕಿದರಾಯಿತಲ್ಲ?” ಎಂದು ಕ್ಷೇತ್ರೋತ್ಸವವೊಂದರಲ್ಲಿ ರೈತರೊಬ್ಬರು ಕೇಳಿದರು. ಖಂಡಿತ ಕೂಡದು. ಲಾರಿಗೆಂದೇ ತಯಾರಾಗುವ ಡಿ.ಇ.ಎಫ್. ದ್ರಾವಣದಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಲವಣರಹಿತ ನೀರು. ಅದರಲ್ಲಿ ಬೈಯುರೆಟ್ ಶೇಕಡಾ 0.3ನ್ನು ಮೀರಬಾರದು, ಗೊಬ್ಬರದ ಯೂರಿಯಾದಲ್ಲಿ ಶೇಕಡಾ 1.5ರವರೆಗೆ ಇರಬಹುದು. ಸಾಲದೆಂಬಂತೆ ನಮ್ಮ ಗೊಬ್ಬರಕ್ಕೆ ಬೇವಿನೆಣ್ಣೆಯ ಲೇಪನವಿದೆ. ಬೆಳೆಗೆ ಹಿತವಾದ ಈ ಲೇಪನ ಯಂತ್ರಕ್ಕೆ ಶತ್ರು. ಕೊಳವೆಬಾವಿಯ ನೀರಿನ ಸುಣ್ಣವೂ ಸೇರಿದರೆ ಸಿಂಪಡಿಸುವ ನಳಿಕೆ ಕಟ್ಟಿಕೊಂಡು ಕನ್ವರ್ಟರ್ ಶಾಶ್ವತವಾಗಿ ಕೆಡುತ್ತದೆ. ಸಹಾಯಧನದ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಎಳೆತ ಕಡಿಮೆಯಾದೊಡನೆ ಕನ್ವರ್ಟರನ್ನೇ ದೂರಬೇಡಿ. ಮೊದಲು ಏರ್ ಫಿಲ್ಟರನ್ನು ಬಿಚ್ಚಿ ನೋಡಿ. ಕೆಮ್ಮಣ್ಣಿನ ಹೊಲದಾರಿಯಲ್ಲಿ ಓಡುವ ಗಾಡಿಗೆ ಎಷ್ಟೋ ಸಲ ಅಷ್ಟೇ ರೋಗ. ಹೊಗೆಕೊಳವೆ ಕಲ್ಲಿಗೆ ತಾಗಿ ಜಜ್ಜಿದೆಯೇ ಪರೀಕ್ಷಿಸಿ. ಎಂಜಿನ್ ಪೂರ್ತಿ ಆರಿದ ಮೇಲೆ ಕನ್ವರ್ಟರನ್ನು ಅಂಗೈಯಿಂದ ತಟ್ಟಿ. ಒಳಗೆ ಗಲಗಲ ಶಬ್ದವಾದರೆ ಗೂಡು ಒಡೆದಿರುವ ಸಂಭವವಿದೆ. ಮುಂದಿನ ಪರೀಕ್ಷೆ ವರ್ಕ್‌ಶಾಪಿನದು. ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸವನ್ನು ಸ್ಕ್ಯಾನರ್‌ನಿಂದ ಓದಿಸಿ. ಅದು ಮಿತಿ ಮೀರಿದ್ದರೆ ದಾರಿ ಕಟ್ಟಿದೆ ಎಂದರ್ಥ.

ಕಟ್ಟಿರುವುದು ಮಸಿಯೋ ಬೂದಿಯೋ ಎಂಬುದು ಮುಖ್ಯ. ಹೊಲದಿಂದ ಹೋಬಳಿಗೆ ನಿಧಾನವಾಗಿ ಓಡಾಡುವ ಗಾಡಿಯಲ್ಲಿ ಹೊಗೆದಾರಿ ಸಾಕಷ್ಟು ಕಾಯದೆ ಮಸಿ ಕೂಡುತ್ತದೆ. ಫಿಲ್ಟರಿನ ದೀಪ ಹತ್ತಿದಾಗ ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ತಾನೇ ಉರಿದುಹೋಗುತ್ತದೆ. ಆಗ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ! ಕಣದ ಹುಲ್ಲಿನ ಮೇಲಾಗಲಿ, ರಸ್ತೆಯಲ್ಲಿ ಹರಡಿದ ಹುರುಳಿ ಸೊಪ್ಪೆಯ ಮೇಲಾಗಲಿ ಗಾಡಿಯನ್ನು ಎಂದಿಗೂ ನಿಲ್ಲಿಸಬೇಡಿ.

ಬೂದಿಯಾದರೋ ಉರಿಯುವುದಿಲ್ಲ. ಅದು ಎಂಜಿನ್ ಎಣ್ಣೆಯಿಂದ ಬರುವಂಥದು. ಫಿಲ್ಟರನ್ನು ಬಿಚ್ಚಿಸಿ ಯಂತ್ರದಿಂದ ಶುಚಿಮಾಡಿಸಬೇಕು, ಮುಂದೆ ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕಿಸಬೇಕು. ಎಂಜಿನ್ ಎಣ್ಣೆ ಸುಡುತ್ತಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ ಅದನ್ನು ಮೊದಲು ಸರಿಪಡಿಸಿ. ಇಲ್ಲವಾದರೆ ಬೇರು ಕೊಳೆತ ಗಿಡದ ಎಲೆಗೆ ಔಷಧಿ ಹೊಡೆದಂತಾಗುತ್ತದೆ. ಹೊಸ ಕನ್ವರ್ಟರೂ ಅದೇ ದಾರಿ ಹಿಡಿಯುತ್ತದೆ. ಗೂಡನ್ನು ಒಡೆದು ಬರೀ ಕೊಳವೆ ಕೂರಿಸಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ಕರ ಮಾತಿಗೆ ಮರುಳಾಗದಿರಿ. ಅದು ಕಾನೂನುಬಾಹಿರ, ಮೇಲಾಗಿ ಲಾರಿಯ ಕಂಪ್ಯೂಟರ್ ಅದನ್ನು ಗುರುತಿಸಿ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸಬಹುದು.

ತಪ್ಪಿ ಯಾರಾದರೂ ಗೊಬ್ಬರದ ಯೂರಿಯಾ ಕರಗಿಸಿ ಸುರಿದಿದ್ದರೆ ಎಂಜಿನ್ ಚಾಲೂ ಮಾಡಬೇಡಿ, ಇಗ್ನಿಷನ್ ಕೀಲಿಯನ್ನೂ ತಿರುಗಿಸಬೇಡಿ. ಲಾರಿಯನ್ನು ಎಳೆಸಿಕೊಂಡು ವರ್ಕ್‌ಶಾಪಿಗೆ ಒಯ್ದು, ಟ್ಯಾಂಕನ್ನು ಪೂರ್ತಿ ಖಾಲಿಮಾಡಿಸಿ, ಲವಣರಹಿತ ನೀರಿನಿಂದ ತೊಳೆಸಿ, ಸೀಲು ಒಡೆಯದ ಡಬ್ಬಿಯ ಡಿ.ಇ.ಎಫ್. ತುಂಬಿಸಿರಿ.