ಗುಳ್ಳ ಓದುವ ಹಳೇ ಲಿಪಿ

ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಬದನೆಗಿಡದೊಳಗೆ ಹೇಗೆ ಕೆಲಸ ಮಾಡುತ್ತದೆ? ವೇಣೂರಿನ ಓದುಗರೊಬ್ಬರು ಕೇಳಿದ ಈ ಪ್ರಶ್ನೆಗೆ ಪಕ್ಕದ ಮೂಡುಬಿದಿರೆಯಲ್ಲೇ ಒಳ್ಳೆಯ ಉಪಮೆಯಿದೆ. ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ತಾಳೆಗರಿಗಳ ಮೂಲಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಲಿಪಿ ಬಲ್ಲವರು ಪ್ರಾಕೃತ ಅರ್ಥವಾಗದಿದ್ದರೂ ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲರು. ಬದನೆಯ ಜೀವಕೋಶದ್ದೂ ಇದೇ ಕಥೆ. ಬ್ಯಾಕ್ಟೀರಿಯಾದ ಜೀನ್ ಯಾತಕ್ಕೆಂದು ಅದಕ್ಕೆ ಗೊತ್ತಿಲ್ಲ. ಲಿಪಿ ಗೊತ್ತು, ಓದುತ್ತದೆ, ಓದಿದಂತೆ ಪ್ರೋಟೀನ್ ಕಟ್ಟುತ್ತದೆ.

ಡಿಎನ್‌ಎಯ ಈ ಲಿಪಿಯಲ್ಲಿ ಮೂರು ಅಕ್ಷರ ಸೇರಿದರೆ ಒಂದು ಅಮೈನೋ ಆಮ್ಲದ ಹೆಸರು. ಅದನ್ನು ಬಿಡಿಸಿದ್ದಕ್ಕೆ ನಿರೆನ್‌ಬರ್ಗ್, ಹಾಲಿ ಮತ್ತು ನಮ್ಮ ಹರಗೋವಿಂದ ಖುರಾನಾ 1968ರಲ್ಲಿ ನೊಬೆಲ್ ಪಡೆದರು. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಜಗತ್ತಿನ ಎಲ್ಲ ಜೀವಿಗಳಲ್ಲೂ ಒಂದೇ ಲಿಪಿ. ನಮಗೆಲ್ಲ ಒಬ್ಬನೇ ಪೂರ್ವಜ ಎನ್ನಲು ಇದಕ್ಕಿಂತ ಬಲವಾದ ಪುರಾವೆ ನನಗೆ ಕಾಣದು. ಆ ಪೂರ್ವಜ ಬದುಕಿದ್ದು ಸುಮಾರು 350 ಕೋಟಿ ವರ್ಷಗಳಿಗೂ ಹಿಂದೆ.

ಜೀನ್ ದಾಟಿಸುವುದೇ ಪ್ರಕೃತಿಗೆ ವಿರುದ್ಧ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಾವು ತಿನ್ನುವ ಗೆಣಸಿನಲ್ಲೂ ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನ್‌ಗಳಿರುವುದು 2015ರಲ್ಲಿ ಪತ್ತೆಯಾಯಿತು. ಅದನ್ನು ಯಾವ ಪ್ರಯೋಗಾಲಯವೂ ಸೇರಿಸಿದ್ದಲ್ಲ.

ನನ್ನ ತಕರಾರು ಬೀಜದ ಬಗ್ಗೆ. ಮೊದಲು ಹೇಳಿದ ಮಣ್ಣಿನ ಬ್ಯಾಕ್ಟೀರಿಯಾದ ಜೀನ್, ಅಂದರೆ ಬಿಟಿ ಜೀನ್, ಸೇರಿಸಲು ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಳಸಿದ ಬದನೆಗಳಲ್ಲಿ ಮಂಜರಿಗೋಟ, ಕುಡಚಿ ಲೋಕಲ್ ಜೊತೆ ಉಡುಪಿಯ ಸ್ಥಳೀಯ ತಳಿಯೂ ಇತ್ತು. ಉಡುಪಿ ಬಳಿಯ ಮಟ್ಟುವಿನಲ್ಲಿ ಗುಳ್ಳ ಎಂಬ ಬದನೆ ಬೆಳೆಯುವವರು ಆತಂಕಗೊಂಡದ್ದು ಸಹಜ. ಉಡುಪಿಯ ಯತಿ ವಾದಿರಾಜರ ಕಾಲದಿಂದ ಬಂದದ್ದೆಂದು ನಂಬಿ ಬೀಜ ಕಾಯ್ದವರು ಅವರು. 2002ರ ಜೀವವೈವಿಧ್ಯ ಕಾಯ್ದೆಯಂತೆ ಈ ಸ್ಥಳೀಯ ತಳಿಗಳನ್ನು ಬಳಸಲು ಅನುಮತಿ ಪಡೆದಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರಿತು. 2012ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. ಅತ್ತ 2010ರ ಫೆಬ್ರುವರಿಯಲ್ಲೇ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು.

ಲಿಪಿ ಎಲ್ಲರದ್ದು, ಸರಿ. ಆದರೆ ತಲೆಮಾರುಗಳಿಂದ ಆರಿಸಿ ಆರಿಸಿ ಗುಳ್ಳವನ್ನು ಗುಳ್ಳವಾಗಿಸಿದ ರೈತರನ್ನು ಕೇಳಲೇಬೇಕಿತ್ತು. ಈಗ ಬಂದಿರುವ ಜೀನ್ ಎಡಿಟಿಂಗ್‌ನಲ್ಲಿ ಹೊರಗಿನ ಜೀನ್ ಉಳಿಯಲೇಬೇಕೆಂದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಅಂಥ ಸಸ್ಯಗಳಿಗೆ ನಿಯಮ ಸಡಿಲಿಸಿತು. 2025ರ ಮೇ ತಿಂಗಳಲ್ಲಿ ಸಾಂಬಾ ಮಸೂರಿಯನ್ನು ತಿದ್ದಿ ಮಾಡಿದ ಭತ್ತವೂ ಪ್ರಕಟವಾಯಿತು. ನಾಳೆ ಗುಳ್ಳವನ್ನು ಹೀಗೆ ತಿದ್ದಿದರೆ ಗುರುತು ಹಿಡಿಯುವುದೇ ಕಷ್ಟ. ಹಾಗಾಗಿ ಮೂಲಬೀಜ ಯಾವ ಊರಿನದು, ಯಾರ ಒಪ್ಪಿಗೆ ಪಡೆಯಲಾಗಿದೆ ಎಂಬ ದಾಖಲೆ ಕಡ್ಡಾಯವಾಗಬೇಕು, ಅದೂ ಪ್ರಯೋಗ ಶುರುವಾಗುವ ಮೊದಲೇ.